ಪಿಯುಸಿ ಮುಗೀತು, ಕೈಯಲ್ಲಿ ಪಿಟೀಲಿದೆ: ಮುಂದೆ ಯಾವ ದಾರಿ?

ಏಪ್ರಿಲ್ ಬಂತೆಂದರೆ ನನ್ನ ಫೋನಿಗೆ ಒಂದೇ ಥರದ ಕರೆಗಳು. "ಸಾರ್, ಮಗಳು ಎಂಟು ವರ್ಷದಿಂದ ಪಿಟೀಲು ಕಲೀತಿದ್ದಾಳೆ. ಸಂಗೀತದ ಸೀನಿಯರ್ ಪರೀಕ್ಷೆ ಆಗಿದೆ. ಪಿಯುಸಿನೂ ಚೆನ್ನಾಗೇ ಬರೆದಿದ್ದಾಳೆ. ಈಗ ನೋಡಿದ್ರೆ ಸಂಗೀತಾನೇ ಮಾಡ್ತೀನಿ ಅಂತ ಕೂತಿದ್ದಾಳೆ. ಏನು ಮಾಡೋದು?" ಹುಡುಗರು ಫೋನ್ ಮಾಡುವುದಿಲ್ಲ. ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್‌ನಲ್ಲಿ, "ಸರ್, ಇದರಲ್ಲಿ ಜೀವನ ಮಾಡೋಕಾಗುತ್ತಾ?" ಅಂತ ಒಂದೇ ಸಾಲು ಹಾಕುತ್ತಾರೆ.

ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಗಿದೆ, ಹಾಗಾಗಿ ಬರೆದೇ ಬಿಡುತ್ತೇನೆ. ಮೊದಲೇ ಹೇಳಿಬಿಡಬೇಕು, ನಾನು ಬಿ.ಕಾಂ. ಓದಿದವನು. ಹನ್ನೊಂದು ವರ್ಷ ಬ್ಯಾಂಕಿನಲ್ಲಿ ಕೂತು, ಸಂಜೆ ಸಂಗೀತ ಕಚೇರಿಗೆ ಓಡಿ, ಕೊನೆಗೆ ಕೆಲಸ ಬಿಟ್ಟು ಪೂರ್ತಿ ಪಿಟೀಲಿಗೆ ಬಂದವನು. ಹಾಡುವವರ ಜೊತೆ ಕೂತು ನುಡಿಸುವ ಪಕ್ಕವಾದ್ಯವೇ ಜಾಸ್ತಿ, ಪಾಠವೂ ಉಂಟು. ನನ್ನ ಅಭಿಪ್ರಾಯದಲ್ಲಿ ಆ ಹನ್ನೊಂದು ವರ್ಷದ ಹೊಟ್ಟೆಉರಿ ಸ್ವಲ್ಪ ಸೇರಿರುತ್ತದೆ, ಅದನ್ನು ಕಳೆದು ಓದಿಕೊಳ್ಳಿ.

ಇಲ್ಲಿ ಹೇಳುವುದು ಮುಖ್ಯವಾಗಿ ಕರ್ನಾಟಕ ಸಂಗೀತದ ಪಿಟೀಲಿನ ಬಗ್ಗೆ. ವೀಣೆ, ಸಿತಾರ್‌ನವರಿಗೂ ಕೊನೆಯ ಕಡೆ ಎರಡು ಮಾತಿದೆ.

ದಾರಿ ನೋಡುವ ಮೊದಲು ಅಳತೆಗೋಲು

ಯಾವ ಕಾಲೇಜು, ಯಾವ ಗುರು ಅಂತ ಹುಡುಕುವ ಮೊದಲು ಮನೆಯವರೆಲ್ಲ ಕೂತು ಇದಿಷ್ಟು ಮಾತಾಡಿ.

ಒಂದು, ಗಂಟೆ. ಹದಿನೆಂಟರಿಂದ ಇಪ್ಪತ್ತೆರಡರವರೆಗಿನ ನಾಲ್ಕು ವರ್ಷಗಳಲ್ಲಿ ಕೈ ಕಲಿಯುವಷ್ಟು ಸಲೀಸಾಗಿ ಆಮೇಲೆ ಕಲಿಯುವುದಿಲ್ಲ. ಲೆಕ್ಕ ಹಾಕಿ: ದಿನಕ್ಕೆ 4 ಗಂಟೆ, ವರ್ಷಕ್ಕೆ 300 ದಿನ, ನಾಲ್ಕು ವರ್ಷಕ್ಕೆ 4,800 ಗಂಟೆ. ದಿನಕ್ಕೆ ಒಂದೂವರೆ ಗಂಟೆಯಾದರೆ 1,800. ಈ 3,000 ಗಂಟೆಯ ಅಂತರ ವೇದಿಕೆ ಮೇಲೆ ಕಚೇರಿ ಶುರುವಾಗುವ ವರ್ಣಕ್ಕೇ ಕೇಳಿಸುತ್ತದೆ, ಸಭಿಕರಿಗೆ ಅಲ್ಲದಿದ್ದರೂ ಪಕ್ಕದ ಮೃದಂಗದವರಿಗೆ.

ಎರಡು, ಗುರುವಿನ ಹತ್ತಿರ ಕೂರುವ ಅವಕಾಶ. ಪಾಠ ಬೇರೆ, ಕೂರುವುದು ಬೇರೆ. ಮುಂದೆ ಹೇಳುತ್ತೇನೆ.

ಮೂರು, ಇಪ್ಪತ್ತೈದಕ್ಕೆ ಕೈಯಲ್ಲಿ ಎಷ್ಟು ದುಡ್ಡಿರಬೇಕು. ಅಪ್ಪನ ನಿವೃತ್ತಿ ಹತ್ತಿರವಿದೆಯಾ, ತಂಗಿಯ ಓದು ಬಾಕಿಯಿದೆಯಾ, ಸ್ವಂತ ಮನೆಯಿದೆಯಾ. ಇದನ್ನು ಮಾತಾಡಲು ನಾಚಿಕೆಪಡುವವರೇ ಆಮೇಲೆ ಮಗನ ಮೇಲೆ ಕೂಗಾಡುವುದು.

ನಾಲ್ಕು, ಕಾಗದ. ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುವಾಗ ನಿಮ್ಮ ತೋಡಿ ರಾಗ ಎಷ್ಟು ಚೆನ್ನಾಗಿದೆ ಅಂತ ಯಾರೂ ಕೇಳುವುದಿಲ್ಲ, ಅಂಕಪಟ್ಟಿ ಕೇಳುತ್ತಾರೆ.

ಪಿಟೀಲಿನವರಿಗೆ ದುಡ್ಡು ಎಲ್ಲಿಂದ ಬರುತ್ತದೆ?

ಒಂದು ಸಮಾಧಾನದ ವಿಷಯ ಇದೆ. ಕಚೇರಿ ಅಂದಮೇಲೆ ಹಾಡುವವರು ಯಾರೇ ಇರಲಿ, ಪಕ್ಕದಲ್ಲಿ ಒಂದು ಪಿಟೀಲು, ಒಂದು ಮೃದಂಗ ಬೇಕೇ ಬೇಕು. ಕೊಳಲಿಗೂ ಬೇಕು, ಹರಿಕಥೆಗೂ ಬೇಕು. ರಾಮನವಮಿ ಸೀಸನ್‌ನಲ್ಲಿ, ಅಂದರೆ ಚಾಮರಾಜಪೇಟೆಯಲ್ಲಿ 1939ರಿಂದ ನಡೆದುಬಂದ ರಾಮಸೇವಾ ಮಂಡಳಿಯ ದೊಡ್ಡ ಉತ್ಸವದಿಂದ ಹಿಡಿದು ನಿಮ್ಮ ಬಡಾವಣೆಯ ಗುಡಿಯ ಚಿಕ್ಕ ಪೆಂಡಾಲಿನವರೆಗೆ, ಒಳ್ಳೆಯ ಪಿಟೀಲಿನವರು ಸಿಗುವುದೇ ಕಷ್ಟ. ಗಣೇಶನ ಹಬ್ಬ, ನವರಾತ್ರಿಯದೂ ಅದೇ ಕಥೆ. ಆಮೇಲೆ ಆಷಾಢ ಬರುತ್ತದೆ, ಫೋನು ಸುಮ್ನೆ ಬಿದ್ದಿರುತ್ತದೆ.

ಕಚೇರಿಗಿಂತ ಗಟ್ಟಿಯಾದ ದುಡ್ಡು ಭರತನಾಟ್ಯದ ರಂಗಪ್ರವೇಶಗಳಲ್ಲಿದೆ. ನಾಲ್ಕೈದು ಪ್ರಾಕ್ಟೀಸು, ಒಂದು ಕಾರ್ಯಕ್ರಮ, ದುಡ್ಡು ಹೇಳಿದ ದಿನ ಕೈಗೆ. ಸಂಗೀತದ ಮಂದಿ ಇದನ್ನು ಸ್ವಲ್ಪ ಕೀಳಾಗಿ ನೋಡುತ್ತಾರೆ, ನನಗೆ ಅದು ಅರ್ಥವಾಗಿಲ್ಲ. ಕಚೇರಿ ಏರ್ಪಡಿಸುವ ಸಂಗೀತ ಸಭೆಗಳದ್ದು ಹಾಗಲ್ಲ. ಒಂದು ಕಡೆ ಎರಡೂವರೆ ಗಂಟೆ ನುಡಿಸಿದ ಮೇಲೆ ನನಗೆ ಶಾಲು, ಹಣ್ಣಿನ ಬುಟ್ಟಿ ಕೊಟ್ಟು, "ಕವರ್ ನಾಳೆ ಕಳಿಸ್ತೀವಿ" ಅಂದರು. ಆ ನಾಳೆ ಇನ್ನೂ ಬಂದಿಲ್ಲ. ಬುಟ್ಟಿಯಲ್ಲಿ ಅನಾನಸ್ ಚೆನ್ನಾಗಿತ್ತು.

ಇನ್ನುಳಿದದ್ದು ಪಾಠ. ತಿಂಗಳು ತಿಂಗಳು ಬಾಡಿಗೆ ಕಟ್ಟುವುದು ಪಾಠದ ದುಡ್ಡಿನಿಂದಲೇ. ಅಮೆರಿಕದಲ್ಲಿರುವ ಕನ್ನಡ, ತಮಿಳು, ತೆಲುಗು ಮನೆಗಳ ಮಕ್ಕಳಿಗೆ ಬೆಳಿಗ್ಗೆ ಐದೂವರೆಗೆ ಆನ್‌ಲೈನ್ ಪಾಠ ಹೇಳುವವರು ಮೈಸೂರಿನ ಒಂದೊಂದು ಬೀದಿಯಲ್ಲೂ ಇದ್ದಾರೆ. ತೊಂದರೆ ಏನೆಂದರೆ, ನಿಮ್ಮ ಸಾಧನೆಗೆ ಪ್ರಶಸ್ತವಾದ ಹೊತ್ತೂ ಅದೇ.

ಇಷ್ಟು ಗೊತ್ತಿದ್ದರೆ ದಾರಿಗಳನ್ನು ತೂಗಬಹುದು.

ಪೂರ್ತಿ ಗುರುವಿನ ಹತ್ತಿರ

ಕಾಲೇಜು ಬಿಟ್ಟು, ಅಥವಾ ದೂರಶಿಕ್ಷಣದಲ್ಲಿ ಒಂದು ಬಿ.ಎ. ಹಾಕಿಕೊಂಡು, ಒಬ್ಬ ಗುರುವಿನ ಊರಿಗೆ ಹೋಗಿ ಇದ್ದುಬಿಡುವುದು. ಮೈಸೂರು, ಬೆಂಗಳೂರು, ಇಲ್ಲವೇ ಚೆನ್ನೈ.

ಇದರಲ್ಲಿ ಸಿಗುವುದನ್ನು ಬೇರೆ ಯಾವ ದಾರಿಯೂ ಕೊಡುವುದಿಲ್ಲ. ಪಕ್ಕವಾದ್ಯ ಅಂದರೇನು ಯೋಚಿಸಿ. ವೇದಿಕೆ ಹತ್ತುವವರೆಗೂ ಹಾಡುವವರು ಏನು ಹಾಡುತ್ತಾರೆ ಅಂತ ಎಷ್ಟೋ ಸಲ ಗೊತ್ತಿರುವುದಿಲ್ಲ. ಹೆಣ್ಣುಮಕ್ಕಳ ಶ್ರುತಿ ಬೇರೆ, ಗಂಡಸರದು ಬೇರೆ, ತಂತಿ ಅದಕ್ಕೆ ತಕ್ಕಂತೆ ಏರಿಸಬೇಕು, ಇಳಿಸಬೇಕು. ಅವರು ಆಲಾಪನೆಯಲ್ಲಿ ಒಂದು ಸಂಚಾರ ಹಾಡಿದರೆ ಅದರ ನೆರಳಿನ ಹಾಗೆ ಹಿಂದೆ ಹೋಗಬೇಕು, ಮೈಮೇಲೆ ಬೀಳಬಾರದು. ನಿಮ್ಮ ಸರದಿಗೆ ಅವರದನ್ನೇ ಒಪ್ಪಿಸದೆ ಸ್ವಂತದ್ದು ನುಡಿಸಬೇಕು, ಆದರೆ ಅವರಿಗಿಂತ ಉದ್ದವಾಗಬಾರದು. ಆಗಿಂದಾಗ ಕಟ್ಟಿ ನುಡಿಸುವ ಕಲ್ಪನಾಸ್ವರದ ತಾಳದ ಲೆಕ್ಕ ತಪ್ಪಿದರೆ ನಗುತ್ತಲೇ ಮುಚ್ಚಬೇಕು, ಅವರದು ತಪ್ಪಿದರೂ ನೀವೇ ಮುಚ್ಚಬೇಕು. ಇದಕ್ಕೆಲ್ಲ ಪಠ್ಯಪುಸ್ತಕ ಇಲ್ಲ. ಗುರುವಿನ ಹಿಂದೆ ತಂಬೂರಿ ಹಿಡಿದು ಕೂತು, ಕಾರಿನಲ್ಲಿ ವಾಪಸ್ ಬರುವಾಗ "ಇವತ್ತು ಆ ಕಾಂಭೋಜಿ ರಾಗದಲ್ಲಿ ನಾನು ಯಾಕೆ ಸುಮ್ಮನಾದೆ ಗೊತ್ತಾಯ್ತಾ?" ಅಂತ ಅವರು ಕೇಳಿದಾಗ ಬರುವ ವಿದ್ಯೆ.

ಚೌಡಯ್ಯನವರ (1895–1967) ಉದಾಹರಣೆ ಎಲ್ಲರೂ ಕೊಡುತ್ತಾರೆ, ಏಳು ತಂತಿಯ ಪಿಟೀಲು, ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಭವನ ಅಂತೆಲ್ಲ. ಒಂದು ಸಂಗತಿ ಮಾತ್ರ ಮರೆಯುತ್ತಾರೆ. ಅವರ ಗುರು ಬಿಡಾರಂ ಕೃಷ್ಣಪ್ಪನವರು ಪಿಟೀಲಿನವರೇ ಅಲ್ಲ, ಹಾಡುಗಾರರು. ವರ್ಷಗಟ್ಟಲೆ ಅವರ ಹತ್ತಿರ ಇದ್ದು, ಅವರ ಪಕ್ಕದಲ್ಲೇ ನುಡಿಸಿ ಚೌಡಯ್ಯ ಆದದ್ದು. ಹಾಗಾಗಿ ನನ್ನ ಹತ್ತಿರ ಬರುವ ಮಕ್ಕಳಿಗೆ ಹಾಡುವ ಪಾಠವೂ ಕಡ್ಡಾಯ. ಹಾಡಲು ಬಾರದ ಸಾಲು ಬೆರಳಿಗೆ ಬಂದರೂ ಅದರಲ್ಲಿ ಜೀವ ಇರುವುದಿಲ್ಲ.

ಬೆಲೆ? ಫೀಸಿಗಿಂತ ಪರಊರಿನ ರೂಮು ಬಾಡಿಗೆ, ಊಟವೇ ದೊಡ್ಡ ಖರ್ಚು. ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನ ಇದೆ, 18ರಿಂದ 25ರ ವಯಸ್ಸಿನವರಿಗೆ ತಿಂಗಳಿಗೆ 5,000 ರೂಪಾಯಿ, ಎರಡು ವರ್ಷ. ಅದರಲ್ಲಿ ಬೆಂಗಳೂರಿನ ಪಿ.ಜಿ. ಬಾಡಿಗೆಯೂ ಪೂರ್ತಿ ಆಗುವುದಿಲ್ಲ, ಆದರೂ ಅರ್ಜಿ ಹಾಕಿ. ಇನ್ನೊಂದು ಬೆಲೆ ಇದೆ, ಅದನ್ನು ಯಾರೂ ಹೇಳುವುದಿಲ್ಲ: ಒಬ್ಬರ ಮೇಲೇ ಪೂರ್ತಿ ಭಾರ. ಗುರುಗಳಿಗೆ ಆರೋಗ್ಯ ಕೆಟ್ಟರೆ, ಅಥವಾ ಸುಮ್ನೆ ಮನಸ್ಸು ಕೆಟ್ಟರೆ, ನಿಮ್ಮ ಕೈಯಲ್ಲಿ ಏನೂ ಇಲ್ಲ.

ಗುರುವನ್ನು ಆರಿಸುವಾಗ ಅವರು ಎಷ್ಟು ದೊಡ್ಡವರು ಅಂತ ನೋಡಬೇಡಿ. ಅವರ ಶಿಷ್ಯರು ವೇದಿಕೆ ಮೇಲೆ ಇದ್ದಾರಾ ನೋಡಿ. ಕಚೇರಿಗೆ ಜೊತೆಗೆ ಕರೆದುಕೊಂಡು ಹೋಗುತ್ತಾರಾ, ಬೇರೆಯವರ ಸಂಗೀತ ಕೇಳಬೇಡ ಅನ್ನುತ್ತಾರಾ, ತಮಗೆ ಹೋಗಲಾಗದ ಕಚೇರಿಗೆ ಶಿಷ್ಯರ ಹೆಸರು ಹೇಳುತ್ತಾರಾ. ಆ ಮೂರನೆಯದು ಬಹಳ ಮುಖ್ಯ. ನನ್ನ ಮೊದಲ ಹತ್ತು ಕಚೇರಿಗಳೂ ಬಂದದ್ದು ಹಾಗೆಯೇ.

ಸಂಗೀತದಲ್ಲೇ ಡಿಗ್ರಿ

ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಹೆಸರಿನ ಸಂಗೀತ ವಿಶ್ವವಿದ್ಯಾಲಯ ಇದೆ, ಮೈಸೂರು ವಿಶ್ವವಿದ್ಯಾಲಯದ ಲಲಿತಕಲಾ ಕಾಲೇಜಿದೆ. ಹೊರಗೆ ಹೋಗುವುದಾದರೆ ತಿರುವನಂತಪುರದ ಸ್ವಾತಿ ತಿರುನಾಳ್ ಕಾಲೇಜು, ಚೆನ್ನೈನ ಸರ್ಕಾರಿ ಸಂಗೀತ ಕಾಲೇಜು. ಸರ್ಕಾರಿ ಸಂಸ್ಥೆಗಳಲ್ಲಿ ಫೀಸು ಎಂಜಿನಿಯರಿಂಗ್ ಸೀಟಿನ ಮುಂದೆ ಏನೂ ಅಲ್ಲ.

ಇದರ ಬಲ ಇರುವುದು ಕಾಗದದಲ್ಲಿ. ಕೇಂದ್ರೀಯ ವಿದ್ಯಾಲಯದಲ್ಲಿ ಸಂಗೀತ ಶಿಕ್ಷಕರಾಗಲು ಸಂಗೀತದ ಡಿಗ್ರಿ ಬೇಕು. ಎಂ.ಎ. ಮಾಡಿ ಸಂಗೀತದಲ್ಲೇ ಎನ್‌ಇಟಿ, ಅಂದರೆ ರಾಷ್ಟ್ರೀಯ ಅರ್ಹತಾ ಪರೀಕ್ಷೆ, ಪಾಸು ಮಾಡಿದರೆ ಕಾಲೇಜು ಕೆಲಸದ ಬಾಗಿಲು ತೆರೆಯುತ್ತದೆ. ಹುದ್ದೆಗಳು ಕಮ್ಮಿ, ಅತಿಥಿ ಉಪನ್ಯಾಸಕರಾಗಿಯೇ ವರ್ಷಗಳು ಕಳೆಯಬಹುದು, ಅದೂ ನಿಜ. ಆದರೆ ಕಾಗದ ಇಲ್ಲದವರಿಗೆ ಆ ಸಾಲಿನಲ್ಲಿ ನಿಲ್ಲಲೂ ಆಗುವುದಿಲ್ಲ.

ಕೊರತೆ ಏನೆಂದರೆ, ತರಗತಿಯಲ್ಲಿ ಒಟ್ಟಿಗೆ ಕಲಿಯುತ್ತೀರಿ. ಒಬ್ಬನಿಗೆ ಆರಂಭದ ಪಾಠವಾದ ಜಂಟಿ ವರಸೆಯಲ್ಲೇ ಬಿಲ್ಲು ನಡುಗುತ್ತಿರುತ್ತದೆ, ಇನ್ನೊಬ್ಬಳು ಆಗಲೇ ರಾಗ ತಾನ ಪಲ್ಲವಿ ನುಡಿಸುತ್ತಿರುತ್ತಾಳೆ, ಮೇಷ್ಟ್ರು ಇಬ್ಬರನ್ನೂ ಒಂದೇ ಕೃತಿಯಲ್ಲಿ ಕರೆದುಕೊಂಡು ಹೋಗಬೇಕು. ಡಿಗ್ರಿ ಮುಗಿಸಿದ ಮೇಲೆ ಪಕ್ಕವಾದ್ಯಕ್ಕೆ ಕೂರಿಸಿದರೆ ಕಂಗಾಲಾಗುವವರನ್ನು ತುಂಬಾ ನೋಡಿದ್ದೇನೆ. 72 ಮೇಳಕರ್ತ ರಾಗಗಳ ಪಟ್ಟಿ ಬಾಯಿಗೆ ಬರುತ್ತದೆ, ಎದುರಿನವರು ಹಾಡಿದ ಬೇಗಡೆ ರಾಗ ಕೈಗೆ ಬರುವುದಿಲ್ಲ.

ಪಿಟೀಲು ವಿದ್ವಾಂಸ ಟಿ.ಎನ್. ಕೃಷ್ಣನ್ ದೆಹಲಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. ಅವರ ತಂಗಿ ಎನ್. ರಾಜಂ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಇದ್ದರು, ಹಿಂದುಸ್ತಾನಿ ಪಿಟೀಲಿಗೇ ಹೊಸ ದಾರಿ ಹಾಕಿದವರು. ಇಬ್ಬರೂ ಅಡಿಪಾಯ ಹಾಕಿಕೊಂಡದ್ದು ಮನೆಯಲ್ಲಿ, ತಂದೆಯ ಹತ್ತಿರ. ಸಂಬಳ ಕೊಟ್ಟದ್ದು ವಿಶ್ವವಿದ್ಯಾಲಯ. ಡಿಗ್ರಿಗೆ ಸೇರುವವರಿಗೆ ನಾನು ಇದನ್ನೇ ಹೇಳುವುದು: ಸೇರಿ, ಆದರೆ ಅದಕ್ಕೋಸ್ಕರ ಗುರುವನ್ನು ಬಿಡಬೇಡಿ. ಕಾಲೇಜು ಆರಿಸುವಾಗ ಮೊದಲು ಗುರು ಇರುವ ಊರು ನೋಡಿ, ಆಮೇಲೆ ಆ ಊರಿನಲ್ಲಿ ಯಾವ ಕಾಲೇಜಿದೆ ಅಂತ ನೋಡಿ.

ವಿದ್ವತ್ ಪರೀಕ್ಷೆ ಸಾಕಲ್ವಾ ಅಂತ ಕೆಲವರು ಕೇಳುತ್ತಾರೆ. ಜೂನಿಯರ್, ಸೀನಿಯರ್, ವಿದ್ವತ್ ಅನ್ನುವ ಸಂಗೀತ ಪರೀಕ್ಷೆಗಳು ಪಾಠಕ್ಕೆ ಒಂದು ಶಿಸ್ತು ತರುತ್ತವೆ, ಪಾಠ ಹೇಳುವವರ ಬೋರ್ಡಿನ ಮೇಲೆ ಚೆನ್ನಾಗಿ ಕಾಣುತ್ತವೆ. ಮಾಡಿಕೊಳ್ಳಿ. ಆದರೆ ಅದು ಡಿಗ್ರಿಗೆ ಬದಲಿ ಅಲ್ಲ, ಕಚೇರಿಗೆ ಅರ್ಹತೆಯೂ ಅಲ್ಲ.

ಎಂಜಿನಿಯರಿಂಗ್ ಜೊತೆಗೆ ಪಿಟೀಲು

ನೂರಕ್ಕೆ ಎಪ್ಪತ್ತು ಅಪ್ಪಂದಿರು ನನ್ನ ಬಾಯಿಂದ ಕೇಳಬೇಕೆಂದಿರುವುದು ಇದನ್ನೇ. ಓದು ಮುಗಿಸಲಿ, ಕೆಲಸ ಹಿಡಿಯಲಿ, ಸಂಗೀತ ಜೊತೆಗಿರಲಿ. ತಪ್ಪಲ್ಲ. ಬೆಂಗಳೂರಿನ ವೇದಿಕೆಗಳ ಮೇಲೆ ಕೂತವರಲ್ಲಿ ಹಗಲು ಸಾಫ್ಟ್‌ವೇರ್ ಕಂಪನಿಯ ಬ್ಯಾಡ್ಜು ಹಾಕಿಕೊಳ್ಳುವವರು ಬೇಕಾದಷ್ಟು ಜನ, ಅದರಲ್ಲಿ ಕೆಲವರು ಬಹಳ ಚೆನ್ನಾಗಿ ನುಡಿಸುತ್ತಾರೆ. ದುಡ್ಡಿನ ಚಿಂತೆ ಇಲ್ಲದವರಿಗೆ ಸಿಗುವ ಒಂದು ಸ್ವಾತಂತ್ರ್ಯವೂ ಇದೆ, ಬೇಡದ ಕಾರ್ಯಕ್ರಮಕ್ಕೆ "ಆಗಲ್ಲ" ಅನ್ನಬಹುದು. ಪೂರ್ತಿ ಸಂಗೀತದಲ್ಲೇ ಇರುವ ನನಗೆ ಆಷಾಢದಲ್ಲಿ ಹಾಗನ್ನಲು ಧೈರ್ಯ ಬರುವುದಿಲ್ಲ.

ಆದರೆ ಆ 3,000 ಗಂಟೆ ನೆನಪಿರಲಿ. "ಆಮೇಲೆ ಬಿಟ್ಟು ಬಂದರಾಯ್ತು" ಅನ್ನುವವರು ರಾಜೀವ ತಾರಾನಾಥರ (1932–2024) ಹೆಸರು ಹೇಳುತ್ತಾರೆ. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದವರು, ಆ ಕೆಲಸ ಬಿಟ್ಟು ಸರೋದಿಗೆ ಬಂದರು, ನಿಜ. ಆದರೆ ಅವರು ಚಿಕ್ಕ ಹುಡುಗನಾಗಿದ್ದಾಗಲೇ ವೇದಿಕೆ ಮೇಲೆ ಹಾಡಿದವರು, ಅಲಿ ಅಕ್ಬರ್ ಖಾನರಂಥ ಗುರು ಸಿಕ್ಕವರು. ಕೆಲಸ ಬಿಡುವ ದಿನ ಕೈ ಹಿಡಿಯಲು ಅಷ್ಟು ಬಂಡವಾಳ ಒಳಗೆ ಇತ್ತು. ನಾನು ಬ್ಯಾಂಕು ಬಿಟ್ಟಾಗ ನನ್ನ ಎಡಗೈ ಕಿರುಬೆರಳು ಹತ್ತು ವರ್ಷದ ಹಿಂದೆ ಎಲ್ಲಿತ್ತೋ ಅಲ್ಲೇ ಇತ್ತು. ಅದನ್ನು ಎಬ್ಬಿಸಲು ಎರಡು ವರ್ಷ ಹಿಡಿಯಿತು.

ಈ ದಾರಿ ಹಿಡಿಯುವವರು ಹೊರೆ ಕಮ್ಮಿ ಇರುವ ಓದು ಆರಿಸಿಕೊಳ್ಳಿ. ಬಿ.ಕಾಂ., ಬಿ.ಎ., ಬೆಳಗಿನ ಕಾಲೇಜು. ಎಂಜಿನಿಯರಿಂಗೇ ಆಗಬೇಕು ಅಂದರೆ ಕಾಲೇಜಿಗೂ ಮನೆಗೂ ಅರ್ಧ ಗಂಟೆಗಿಂತ ಜಾಸ್ತಿ ದೂರ ಬೇಡ. ಬೆಂಗಳೂರಿನಲ್ಲಿ ಪಿಟೀಲನ್ನು ಕೊಂದದ್ದು ಸಿಲಬಸ್ಸಿಗಿಂತ ಟ್ರಾಫಿಕ್ಕೇ ಜಾಸ್ತಿ.

ಪಾಶ್ಚಾತ್ಯ ಶೈಲಿಗೆ ಹಾರುವುದು

ಟ್ರಿನಿಟಿ, ಎಬಿಆರ್‌ಎಸ್‌ಎಂ ಅನ್ನುವ ಬ್ರಿಟನ್ನಿನ ಸಂಗೀತ ಪರೀಕ್ಷೆಗಳ ಗ್ರೇಡುಗಳು 1ರಿಂದ 8ರವರೆಗೆ. ಅದು ಮುಗಿದರೆ ಆರ್ಕೆಸ್ಟ್ರಾ, ಸ್ಟುಡಿಯೋ, ವಿದೇಶ ಅಂತ ಲೆಕ್ಕ. ವಾದ್ಯ ಒಂದೇ, ಉಳಿದದ್ದೆಲ್ಲ ಬೇರೆ. ನಾವು ನೆಲದ ಮೇಲೆ ಕೂತು, ಪಿಟೀಲಿನ ತಲೆಯನ್ನು ಬಲಪಾದಕ್ಕೆ ಒರಗಿಸಿ, ತಂತಿಗಳನ್ನು ಸ-ಪ-ಸ-ಪ ಮಾಡಿಕೊಳ್ಳುತ್ತೇವೆ. ಅವರು ಗದ್ದಕ್ಕೆ ಒತ್ತಿ ಹಿಡಿಯುತ್ತಾರೆ, ತಂತಿಯ ಶ್ರುತಿ ಬೇರೆ, ಬಿಲ್ಲಿನ ಹಿಡಿತ ಬೇರೆ, ಎಲ್ಲಕ್ಕಿಂತ ಹೆಚ್ಚಾಗಿ ಬರೆದದ್ದನ್ನು ಕಂಡ ಕೂಡಲೇ ನುಡಿಸಬೇಕು.

ಪ್ರಾಮಾಣಿಕವಾಗಿ ಹೇಳುತ್ತೇನೆ, ಹದಿನೆಂಟಕ್ಕೆ ಶುರು ಮಾಡಿ ಆರ್ಕೆಸ್ಟ್ರಾದ ಕುರ್ಚಿ ಹಿಡಿಯುವುದು ಬಹಳ ಕಷ್ಟ, ಅಲ್ಲಿಗೆ ಬರುವವರು ನಾಲ್ಕೈದು ವರ್ಷಕ್ಕೇ ಶುರು ಮಾಡಿರುತ್ತಾರೆ. ನಮ್ಮ ದೇಶದಲ್ಲಿ ಸಂಬಳ ಕೊಟ್ಟು ನಡೆಸುವ ಆರ್ಕೆಸ್ಟ್ರಾ ಅಂದರೆ ಮುಂಬೈನ ಎನ್‌ಸಿಪಿಎ ಕಲಾಕೇಂದ್ರದಲ್ಲಿ 2006ರಲ್ಲಿ ಶುರುವಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ. ಅದರಲ್ಲೂ ಹೊರದೇಶದ ವಾದಕರು ಬಹಳ. ಸಿನಿಮಾ ಸ್ಟುಡಿಯೋದಲ್ಲಿ ಮೊದಲು ಸಾಲಾಗಿ ಪಿಟೀಲು ಕೂರುತ್ತಿದ್ದವು, ಈಗ ಆ ಕೆಲಸದ ದೊಡ್ಡ ಭಾಗ ಕೀಬೋರ್ಡು ಮಾಡುತ್ತದೆ.

ಆದರೂ ಒಂದು ಉಪಯೋಗ ಇದೆ. ಕರ್ನಾಟಕ ಸಂಗೀತ ಗಟ್ಟಿಯಿದ್ದು, ಜೊತೆಗೆ ನೊಟೇಶನ್ ಓದಲು ಬಂದರೆ, ಸ್ಟುಡಿಯೋದವರು ನಿಮ್ಮನ್ನು ಬಿಡುವುದಿಲ್ಲ. ಸ್ವರವನ್ನು ತೂಗಿ ಜಾರಿಸುವ ಗಮಕ ಕೀಬೋರ್ಡಿಗೆ ಬರುವುದಿಲ್ಲ ನೋಡಿ. ಚೆನ್ನೈನಲ್ಲಿ ಎ.ಆರ್. ರೆಹಮಾನ್ 2008ರಲ್ಲಿ ಶುರು ಮಾಡಿದ ಕೆ.ಎಂ. ಸಂಗೀತ ಶಾಲೆಯಂಥ ಕಡೆ ಎರಡೂ ಕಡೆಯ ಗಾಳಿ ಸಿಗುತ್ತದೆ, ಖರ್ಚು ಮಾತ್ರ ಖಾಸಗಿ ಕಾಲೇಜಿನ ಖರ್ಚೇ. ಬರೀ ಓದುವುದಷ್ಟೇ ಬೇಕಿದ್ದರೆ ಅಷ್ಟು ದೂರ ಹೋಗಬೇಕಿಲ್ಲ, ಊರಲ್ಲೇ ಒಬ್ಬ ಟೀಚರ್ ಹತ್ತಿರ ವರ್ಷ, ಒಂದೂವರೆ ವರ್ಷ ಹೋದರೆ ಸಾಕು.

ವೀಣೆ, ಸಿತಾರ್

ವೀಣೆಯವರಿಗೆ ಲೆಕ್ಕ ಬೇರೆ. ವೀಣೆ ಪಕ್ಕವಾದ್ಯ ಆಗುವುದಿಲ್ಲ, ಕರೆ ಬಂದರೆ ನೀವೇ ಮುಖ್ಯ ಕಲಾವಿದರು, ಆ ಕರೆಗಳು ಕಮ್ಮಿ. ವೀಣೆ ಶೇಷಣ್ಣನವರನ್ನು (1852–1926) ಅರಮನೆ ಸಾಕಿತು. ದೊರೆಸ್ವಾಮಿ ಅಯ್ಯಂಗಾರ್ಯರ ಕಾಲಕ್ಕೆ ಆಕಾಶವಾಣಿಯಲ್ಲಿ ಕೆಲಸ ಇತ್ತು. ಈಗ ಎರಡೂ ಇಲ್ಲ ಅನ್ನಿ. ಆದ್ದರಿಂದ ವೀಣೆಗೆ ಹೊರಡುವವರಿಗೆ ಡಿಗ್ರಿ, ಇಲ್ಲವೇ ಬೇರೆ ಕೆಲಸ, ಎರಡರಲ್ಲಿ ಒಂದು ಬೇಕು ಅಂತಲೇ ನನ್ನ ಸಲಹೆ. ಸಮಾಧಾನ ಅಂದರೆ ಮನೆಪಾಠಕ್ಕೆ ವೀಣೆ ಕೇಳಿಕೊಂಡು ಬರುವವರು ಇದ್ದಾರೆ, ಚೆನ್ನಾಗಿ ಹೇಳಿಕೊಡುವವರು ಕಮ್ಮಿ. ವೀಣೆಯ ಮೇಣ ಕರಗಿ, ಅದರಲ್ಲಿ ಕೂತ 24 ಮೆಟ್ಟಿಲುಗಳನ್ನು ಮತ್ತೆ ಕಟ್ಟಿಸಬೇಕಾದಾಗ ಕೆಲಸದವರು ಸಿಗುವ ಊರಿನಲ್ಲಿದ್ದರೆ ಇನ್ನೂ ಒಳ್ಳೆಯದು.

ಹುಬ್ಬಳ್ಳಿ, ಧಾರವಾಡದ ಕಡೆಯವರು ಸಿತಾರ್ ಹಿಡಿದಿದ್ದರೆ ಊರು ಬಿಡುವ ಅವಸರ ಬೇಡ. ಸಿತಾರ್ ವಾದಕ ರಹಿಮತ್ ಖಾನರ ಪರಂಪರೆ, ಬಾಲೇಖಾನರ ಮನೆತನ ಬೆಳೆದ ನೆಲ ಅದು.

ಆಕಾಶವಾಣಿ ಆಡಿಷನ್ ಮರೆಯಬೇಡಿ

ಯಾವ ದಾರಿಯಾದರೂ ಸರಿ, ಇದೊಂದು ಮಾಡಿ. ಬಿ, ಬಿ-ಹೈ, ಎ, ಟಾಪ್ ಅಂತ ಗ್ರೇಡುಗಳು. ಬಿ-ಹೈ ಬಂದರೆ ದುಡ್ಡಿನಲ್ಲಿ ದೊಡ್ಡ ವ್ಯತ್ಯಾಸ ಆಗುವುದಿಲ್ಲ, ಆದರೆ ಸಂಘಟಕರು ಬಯೋಡೇಟಾದಲ್ಲಿ ಮೊದಲು ನೋಡುವುದು ಅದನ್ನೇ. ಹೆಣ್ಣುಮಕ್ಕಳಿಗೆ ಪಕ್ಕವಾದ್ಯ ಕಷ್ಟ, ರಾತ್ರಿ ಓಡಾಟ ಅಂತ ಹೆದರಿಸುವವರು ಇದ್ದೇ ಇರುತ್ತಾರೆ. ಪಿಟೀಲಿನ ಎ. ಕನ್ಯಾಕುಮಾರಿ ಪಕ್ಕವಾದ್ಯ ನುಡಿಸಿಕೊಂಡೇ 2016ರಲ್ಲಿ ಮದ್ರಾಸ್ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಆದರು ಅಂತ ಅವರಿಗೆ ಹೇಳಿ. ಓಡಾಟದ ಏರ್ಪಾಡು ಮಾತ್ರ ಮನೆಯವರು ಸೇರಿ ಮಾಡಬೇಕು.

ಹಾಗಾದರೆ ಯಾರಿಗೆ ಯಾವುದು?

ಮನೆ ಐದಾರು ವರ್ಷ ಕಾಯಬಲ್ಲದು, ಕರೆದುಕೊಂಡು ಹೋಗುವ ಗುರು ಸಿಕ್ಕಿದ್ದಾರೆ, ಹುಡುಗಿ ಬೈಸಿಕೊಳ್ಳದೆ ತಾನಾಗೇ ಮೂರು ಗಂಟೆ ನುಡಿಸುತ್ತಾಳೆ ಅಂದರೆ, ಗುರುವಿನ ಹತ್ತಿರ ಕಳಿಸಿ, ಜೊತೆಗೆ ಅದೇ ಊರಿನಲ್ಲಿ ಸಂಗೀತದ ಡಿಗ್ರಿ. ನನ್ನನ್ನು ಕೇಳಿದರೆ ಇದೇ ಎಲ್ಲಕ್ಕಿಂತ ಒಳ್ಳೆಯದು. ಮನೆ ಕಾಯಲಾರದು, ಇಪ್ಪತ್ಮೂರಕ್ಕೆ ಸಂಬಳ ಬರಲೇಬೇಕು ಅಂದರೆ, ಹೊರೆ ಕಮ್ಮಿ ಇರುವ ಓದು, ಸಂಜೆ ಗುರು, ಶನಿವಾರ ಭಾನುವಾರ ಕಚೇರಿ. ಪಾಠ ಹೇಳುವುದೇ ಇಷ್ಟ, ವೇದಿಕೆ ಅಂದರೆ ಕೈ ಬೆವರುತ್ತದೆ ಅನ್ನುವವರಿಗೆ ಡಿಗ್ರಿ, ಎಂ.ಎ., ಎನ್‌ಇಟಿ, ಅದರಲ್ಲಿ ಕೀಳೇನೂ ಇಲ್ಲ.

ಇನ್ನೂ ಗೊತ್ತಾಗುತ್ತಿಲ್ಲವಾ? ಪಿಯುಸಿ ರಿಸಲ್ಟ್ ಬಂದು ಕಾಲೇಜು ಶುರುವಾಗುವವರೆಗೆ ಹೇಗೂ ಬಿಡುವಿದೆ. ಹೊಸ ತಂತಿ ಹಾಕಿ. ಗೋಡೆಗೆ ಒಂದು ಕ್ಯಾಲೆಂಡರ್ ಹಾಕಿ. ಮೂವತ್ತು ದಿನ, ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ, ಮದುವೆ ಮುಂಜಿ ಏನೇ ಇರಲಿ. ಕುತ್ತಿಗೆ, ಮಣಿಕಟ್ಟು ನೋಯುವುದಕ್ಕೆ ಶುರುವಾದರೆ ನಿಲ್ಲಿಸಿ, ನೋವು ನುಂಗಿಕೊಂಡು ನುಡಿಸು ಅನ್ನುವವರ ಮಾತು ಕೇಳಬೇಡಿ. ವಾರಕ್ಕೊಂದು ಸಲ ಹಾಡು ಕಲಿಯುವ ಗೆಳತಿಯನ್ನು ಮನೆಗೆ ಕರೆದು, ಏನು ಹಾಡುತ್ತಾಳೆ ಅಂತ ಮೊದಲೇ ಹೇಳದೆ ಹಾಡಲು ಹೇಳಿ, ಹಿಂದೆಯೇ ನುಡಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿ. ಮೂವತ್ತನೇ ದಿನ ಮೊದಲನೇ ವಾರದ್ದನ್ನೂ ಕೊನೇ ವಾರದ್ದನ್ನೂ ಅಪ್ಪ ಅಮ್ಮನ ಮುಂದೆ ಹಾಕಿ ಕೇಳಿಸಿ. ಆಮೇಲೆ ನನಗೆ ಫೋನ್ ಮಾಡಿ, ಬೆಳಿಗ್ಗೆ ಏಳೂವರೆ ಆದಮೇಲೆ. ಅಲ್ಲಿಯವರೆಗೆ ಅಮೆರಿಕದ ಪಾಠ ಇರುತ್ತದೆ.